ಟಿಪ್ಪು ಸುಲ್ತಾನನ ಕುಟುಂಬ ಜೀವನ ಮತ್ತು ಪರ್ಷಿಯನ್ ಪತ್ರಗಳು

ಟಿಪ್ಪು ಸುಲ್ತಾನ್ (ನವೆಂಬರ್ 20, 1750 – ಮೇ 4, 1799) ಹೈದರ್ ಅಲಿಯ ಹಿರಿಯ ಮಗ. 1782ರ ಡಿಸೆಂಬರ್‌ನಿಂದ ತನ್ನ ಮರಣದವರೆಗೆ ಮೈಸೂರು ರಾಜ್ಯವನ್ನು ಆಳಿದವನು. ಅವನ ಯುದ್ಧಗಳು, ಆಡಳಿತ ಮತ್ತು ಧಾರ್ಮಿಕ ನೀತಿಯ ಕುರಿತ ವಾದವಿವಾದಗಳು ಹೆಚ್ಚು ಪರಿಚಿತವಾಗಿವೆ. ಅವನ ಮನೆಯ ಬದುಕು ಅಷ್ಟು ಪರಿಚಿತವಲ್ಲ. ಮದುವೆ, ಬಂಧುತ್ವ, ಕಾಯಿಲೆ ಮತ್ತು ಸಾವುಗಳ ವಿವರಗಳು ಅವನ ಕಾಲದ ಪರ್ಷಿಯನ್ ಪತ್ರಗಳಲ್ಲಿ, ದಿನಚರಿಗಳಲ್ಲಿ ಹಾಗೂ ಚರಿತ್ರೆಗಳಲ್ಲಿ ಚದುರಿಹೋಗಿವೆ. ಇವುಗಳಲ್ಲಿ ಮುಖ್ಯವಾದ ಒಂದು ಭಾಗ ಹಳೆಯ ಧಾರವಾಡ ಜಿಲ್ಲೆಯ ನೆಲಕ್ಕೆ, ಅಂದರೆ ನರಗುಂದ, ನವಲಗುಂದ, ಧಾರವಾಡ ಮತ್ತು ಸವಣೂರುಗಳ ಸುತ್ತ 1785–86ರಲ್ಲಿ ನಡೆದ ಘಟನೆಗಳಿಗೆ ಸಂಬಂಧಿಸಿದೆ.

ಬಾಲ್ಯ

ಟಿಪ್ಪು ದೇವನಹಳ್ಳಿಯಲ್ಲಿ ಜನಿಸಿದನು. ತಾಯಿ ಫಾತಿಮಾ ಫಖ್ರುನ್ನಿಸಾ, ಕಡಪದ ಕೋಟೆಯ ಅಧಿಕಾರಿಯಾಗಿದ್ದ ಮೀರ್ ಮುಯೀನುದ್ದೀನನ ಮಗಳು. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನ ಹೆಸರನ್ನೇ ಮಗುವಿಗೆ ಇಡಲಾಯಿತು. ಹೈದರನಿಗೆ ಓದುಬರಹ ಬರುತ್ತಿರಲಿಲ್ಲ. ಮಗನಿಗೆ ಮಾತ್ರ ಪರ್ಷಿಯನ್, ಅರಬ್ಬಿ ಮತ್ತು ಕನ್ನಡಗಳ ಶಿಕ್ಷಣ ದೊರೆಯಿತು. ಮುಂದೆ ಅವನು ಬರೆದ, ಬರೆಸಿದ ಪತ್ರಗಳ ರಾಶಿಗೆ ಈ ಶಿಕ್ಷಣವೇ ಬುನಾದಿ.

1760ರಲ್ಲಿ, ಒಂದು ಕಾಲಕ್ಕೆ ಹೈದರನ ಸಹಾಯಕನೇ ಆಗಿದ್ದ ಖಂಡೇರಾವ್ ಅವನ ವಿರುದ್ಧ ತಿರುಗಿಬಿದ್ದನು. ಹೈದರ್ ರಾತ್ರೋರಾತ್ರಿ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಳ್ಳಬೇಕಾಯಿತು; ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಆಗಲಿಲ್ಲ. ಹತ್ತು ವರ್ಷವೂ ತುಂಬಿರದ ಟಿಪ್ಪು ತಾಯಿಯೊಂದಿಗೆ ವೈರಿಯ ವಶದಲ್ಲಿ ಉಳಿದನು. ಮರುವರ್ಷ ಹೈದರ್ ಮೇಲುಗೈ ಪಡೆದ ಬಳಿಕವೇ ಕುಟುಂಬ ಒಂದಾಯಿತು. ಟಿಪ್ಪುವಿನ ಚರಿತ್ರೆಗಳಲ್ಲಿ ಈ ಪ್ರಸಂಗಕ್ಕೆ ಸಾಮಾನ್ಯವಾಗಿ ಒಂದೆರಡು ಸಾಲು ಮಾತ್ರ ಮೀಸಲು. 1792ರಲ್ಲಿ ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ತಂದೆಗೆ ಬಾಲ್ಯದಲ್ಲಿ ಅಂಥದೇ ಅನುಭವವಾಗಿತ್ತು ಎಂಬುದು ಗಮನಿಸತಕ್ಕ ಸಂಗತಿ.

ಮದುವೆಗಳು ಮತ್ತು ಬಂಧುತ್ವ

1774ರಲ್ಲಿ ಟಿಪ್ಪುವಿಗೆ ಒಂದೇ ರಾತ್ರಿ ಎರಡು ಮದುವೆಗಳಾದವು. ತಂದೆ ಆರಿಸಿದ ವಧು ಆರ್ಕಾಟಿನ ಇಮಾಮ್ ಸಾಹೇಬ್ ಬಕ್ಷಿಯ ಮಗಳು. ತಾಯಿ ಹಾಗೂ ಮನೆಯ ಹೆಂಗಸರು ಮೆಚ್ಚಿದ ವಧು ರುಖಯ್ಯಾ ಬಾನು; 1771ರಲ್ಲಿ ಚಿನಕುರುಳಿಯ ಬಳಿ ಮರಾಠರೊಂದಿಗೆ ನಡೆದ ಯುದ್ಧದಲ್ಲಿ ಮಡಿದ ಲಾಲಾ ಮಿಯಾನನ ಮಗಳು. ಎರಡು ಅಭಿಪ್ರಾಯಗಳಲ್ಲಿ ಯಾವುದನ್ನೂ ಬಿಡಲಾಗದೆ ಎರಡನ್ನೂ ನಡೆಸಿಕೊಟ್ಟಂತಾಯಿತು.

ರುಖಯ್ಯಾ ಬಾನುವಿನ ಸಹೋದರ ಬುರ್ಹಾನುದ್ದೀನ್ ಮುಂದೆ ಟಿಪ್ಪುವಿನ ಮುಖ್ಯ ಸೇನಾನಿಗಳಲ್ಲಿ ಒಬ್ಬನಾದನು. ಇನ್ನೊಬ್ಬ ಸೇನಾನಿ ಖಮರುದ್ದೀನ್ ಖಾನ್, ಟಿಪ್ಪುವಿನ ಸೋದರಮಾವ ಮೀರ್ ಅಲಿ ರಜಾ ಖಾನನ ಮಗ. ಹೀಗೆ ದಂಡಿನ ಮುಂದಾಳುಗಳಲ್ಲಿ ಒಬ್ಬ ಭಾವಮೈದುನ, ಮತ್ತೊಬ್ಬ ಮಾವನ ಮಗ. ಇವರಿಗೆ ಹೋದ ಪತ್ರಗಳನ್ನು ಓದುವಾಗ ಈ ನಂಟನ್ನು ನೆನಪಿನಲ್ಲಿ ಇಟ್ಟುಕೊಳ್ಳದಿದ್ದರೆ ಅವುಗಳ ಅರ್ಧ ಅರ್ಥ ಕೈತಪ್ಪುತ್ತದೆ.

ಉತ್ತರದ ಗಡಿಯಲ್ಲಿಯೂ ಬಂಧುತ್ವವೇ ರಾಜಕೀಯದ ಸಾಧನವಾಯಿತು. 1779ರಲ್ಲಿ ಹೈದರನಿಗೂ ಸವಣೂರಿನ ನವಾಬ ಅಬ್ದುಲ್ ಹಕೀಂ ಖಾನನಿಗೂ ಕೊಟ್ಟು ತರುವ ಸಂಬಂಧ ಬೆಳೆಯಿತು. ನವಾಬನ ಹಿರಿಯ ಮಗ ಅಬ್ದುಲ್ ಖೈರ್ ಖಾನನಿಗೆ ಹೈದರನ ಮಗಳನ್ನು ಕೊಡಲಾಯಿತು. ನವಾಬನ ಮಗಳನ್ನು ಹೈದರನ ಎರಡನೆಯ ಮಗ, ಟಿಪ್ಪುವಿನ ತಮ್ಮ, ಅಬ್ದುಲ್ ಕರೀಮನಿಗೆ ತಂದುಕೊಳ್ಳಲಾಯಿತು. ಹೀಗೆ ಟಿಪ್ಪುವಿನ ತಂಗಿ ಸವಣೂರಿನ ಸೊಸೆಯಾದಳು. ಏಳೇ ವರ್ಷಗಳಲ್ಲಿ ಅಣ್ಣನ ದಂಡು ಅವಳ ಅತ್ತೆಮನೆಯ ಮೇಲೆ ಬರಲಿತ್ತು.

ಹೈದರನ ಕಾಯಿಲೆ ಮತ್ತು ಮರಣ

1782ರಲ್ಲಿ ಎರಡನೆಯ ಆಂಗ್ಲೋ–ಮೈಸೂರು ಯುದ್ಧದ ನಡುವೆ ಹೈದರನ ಬೆನ್ನಿನ ಮೇಲೆ ಹುಣ್ಣು ಎದ್ದಿತು. ಕನ್ನಡದಲ್ಲಿ ಬೆನ್ನುಫಣಿ ಎಂದು ಕರೆಯುವ ಈ ಕಾಯಿಲೆಗೆ, ಕೀವು ನಂಜಾಗಿ ರಕ್ತಕ್ಕೆ ಸೇರಿದರೆ, ಆ ಕಾಲದಲ್ಲಿ ಪರಿಹಾರವಿರಲಿಲ್ಲ. ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಬಿಡಾರದಲ್ಲಿ ಹೈದರ್ ಮೃತಪಟ್ಟನು. ಟಿಪ್ಪು ಆಗ ಇನ್ನೊಂದು ಕರಾವಳಿಯಲ್ಲಿ, ಮಲಬಾರಿನ ಪೊನ್ನಾನಿಯ ಕಡೆ, ಇಂಗ್ಲಿಷರೊಂದಿಗೆ ಕಾದಾಡುತ್ತಿದ್ದನು.

ದೊರೆಯ ಸಾವಿನ ಸುದ್ದಿ ಹರಡಿದರೆ ದಂಡು ಚದುರುವ ಭಯವಿತ್ತು. ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಅಧಿಕಾರಿಗಳು ಸುದ್ದಿಯನ್ನು ಅಡಗಿಸಿದರು. ದೇಹವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಕಾವಲಿನಲ್ಲಿ ಕೋಲಾರಕ್ಕೆ ಸಾಗಿಸಲಾಯಿತು. ಬಿಡಾರದಲ್ಲಿ ದೊರೆ ಇನ್ನೂ ಕಾಯಿಲೆಯಲ್ಲಿದ್ದಾನೆ ಎಂಬಂತೆಯೇ ದಿನಚರಿ ನಡೆಯಿತು. ಟಿಪ್ಪುವಿಗೆ ಮಾತ್ರ ಗುಟ್ಟಾಗಿ ಸುದ್ದಿ ಕಳುಹಿಸಲಾಯಿತು. ಇಷ್ಟರಲ್ಲಿಯೇ ಹೈದರನ ಬಂಧು ಮುಹಮ್ಮದ್ ಅಮೀನ್ ಮತ್ತು ಅವನ ಸಂಗಡಿಗರು, ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಅಬ್ದುಲ್ ಕರೀಮನನ್ನು ಗದ್ದುಗೆಗೆ ತರುವ ಸಂಚು ಹೂಡಿ ಸಿಕ್ಕಿಬಿದ್ದರು. ತಮ್ಮನ ದೌರ್ಬಲ್ಯವನ್ನು ಇತರರು ದಾಳವಾಗಿ ಬಳಸಬಹುದೆಂಬ ಪಾಠ ಟಿಪ್ಪುವಿಗೆ ಆಳ್ವಿಕೆಯ ಮೊದಲ ದಿನಗಳಲ್ಲೇ ದೊರೆಯಿತು. ಹೈದರನ ದೇಹವನ್ನು ನಂತರ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಸಮಾಧಿ ಮಾಡಲಾಯಿತು.

ಪತ್ರಗಳ ಸಂಗ್ರಹ

1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾದಾಗ ಅರಮನೆಯ ಪುಸ್ತಕಗಳೊಂದಿಗೆ ಕಾಗದಪತ್ರಗಳೂ ಅವರ ಕೈಸೇರಿದವು. ಟಿಪ್ಪುವಿನ ಹೊರಹೋಗುವ ಪತ್ರಗಳ ನಕಲು ಪುಸ್ತಕಗಳು ಅವುಗಳಲ್ಲಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇವುಗಳಿಂದ ಆಯ್ದ ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿ, ತನ್ನ ಟಿಪ್ಪಣಿಗಳೊಂದಿಗೆ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಈ ಸಂಪುಟದ ಪತ್ರಗಳು 1785ರಿಂದ ಆರಂಭವಾಗುತ್ತವೆ. ಹೀಗಾಗಿ ನರಗುಂದದ ಮುತ್ತಿಗೆ ಮತ್ತು ಮರಾಠರೊಂದಿಗಿನ ಯುದ್ಧ ಅದರಲ್ಲಿ ದೊಡ್ಡ ಸ್ಥಾನ ಪಡೆದಿವೆ.

ಕರ್ಕ್‌ಪ್ಯಾಟ್ರಿಕ್‌ನ ಟಿಪ್ಪಣಿಗಳು ನಿಷ್ಪಕ್ಷಪಾತವಲ್ಲ. ಸೋತ ಶತ್ರುವನ್ನು ಕ್ರೂರಿ ಹಾಗೂ ಮತಾಂಧನೆಂದು ತೋರಿಸುವ ಉದ್ದೇಶ ಅವನಿಗೆ ಸ್ಪಷ್ಟವಾಗಿಯೇ ಇತ್ತು. ಹಾಗೆಂದು ಕೊಡಗು ಮತ್ತು ಮಲಬಾರುಗಳಿಗೆ ಸಂಬಂಧಿಸಿದ ಕಠೋರ ಆಜ್ಞೆಗಳನ್ನೆಲ್ಲ ಅನುವಾದಕನ ಸೃಷ್ಟಿಯೆಂದು ತಳ್ಳಿಹಾಕುವುದೂ ಸರಿಯಲ್ಲ. ಆಯ್ಕೆ ಅವನದು, ಪತ್ರ ಟಿಪ್ಪುವಿನದು ಎಂಬ ಎಚ್ಚರದಲ್ಲಿ ಓದುವುದು ಲೇಸು. ಇನ್ನೊಂದು ತೊಡಕು ದಿನಾಂಕಗಳದು. ಟಿಪ್ಪು ತಿಂಗಳುಗಳಿಗೂ ವರ್ಷಗಳಿಗೂ ಹೊಸ ಹೆಸರುಗಳನ್ನಿಟ್ಟು, ವರ್ಷಗಣನೆಯನ್ನೂ ಬದಲಿಸಿದ್ದನು. ಆದ್ದರಿಂದ ಪತ್ರಗಳ ಕಾಲವನ್ನು ಲೆಕ್ಕಹಾಕಿಯೇ ತಿಳಿಯಬೇಕು.

ಪತ್ರಗಳೆಲ್ಲವೂ ಪರ್ಷಿಯನ್ ಭಾಷೆಯವಲ್ಲ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಕೊಳ್ಳೆಹೊಡೆದ ಬಳಿಕ ಟಿಪ್ಪು ಅಲ್ಲಿನ ಜಗದ್ಗುರುಗಳಿಗೆ ಬರೆಸಿದ ಪತ್ರಗಳು ಕನ್ನಡದಲ್ಲಿವೆ. ಅವುಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಸೇನಾನಿಗಳಿಗೆ, ರಾಯಭಾರಿಗಳಿಗೆ ಮತ್ತು ಬಂಧುಗಳಿಗೆ ಹೋದ ಆಜ್ಞೆಗಳು ಮಾತ್ರ ಪರ್ಷಿಯನ್ ಭಾಷೆಯಲ್ಲೇ ಇರುತ್ತಿದ್ದವು.

ನರಗುಂದದ ಮುತ್ತಿಗೆ, 1785

ನರಗುಂದ ಇಂದು ಗದಗ ಜಿಲ್ಲೆಯಲ್ಲಿದೆ. 1997ರವರೆಗೆ ಧಾರವಾಡ ಜಿಲ್ಲೆಯ ತಾಲ್ಲೂಕಾಗಿತ್ತು. ನವಲಗುಂದದ ಕರಿಮಣ್ಣಿನ ಬಯಲನ್ನು ದಾಟಿದರೆ ಅದರ ಗುಡ್ಡ ಕಾಣುತ್ತದೆ. ಹೈದರನ ಕಾಲದಲ್ಲಿ ಮೈಸೂರಿಗೆ ಪೊಗದಿ ಕೊಡುತ್ತಿದ್ದ ಈ ಸಂಸ್ಥಾನಕ್ಕೆ ಪೇಶ್ವೆಯ ಆಸರೆಯೂ ಇತ್ತು. 1784ರ ನಂತರ ಟಿಪ್ಪು ಹೆಚ್ಚಿನ ಪೊಗದಿ ಕೇಳಿದಾಗ ಅರಸ ವೆಂಕಟರಾವ್ ಭಾವೆ ಒಪ್ಪಲಿಲ್ಲ. ಅವನ ದಿವಾನ ಕಾಳೋಪಂತ ಪೇಠೆ ಪುಣೆಯ ಬೆಂಬಲದ ಭರವಸೆಯಲ್ಲಿದ್ದನು.

1785ರ ಆರಂಭದಲ್ಲಿ ಟಿಪ್ಪು ಮುತ್ತಿಗೆಗೆ ಕಳುಹಿಸಿದ್ದು ಭಾವಮೈದುನ ಬುರ್ಹಾನುದ್ದೀನನನ್ನು, ಸಯ್ಯದ್ ಗಫಾರನ ಜೊತೆಯಲ್ಲಿ. ನಂತರ ಖಮರುದ್ದೀನ್ ಖಾನನ ದಂಡೂ ಅತ್ತ ಸಾಗಿತು. ಬೇಸಗೆಯಲ್ಲಿ ಆ ಬಯಲಿನಲ್ಲಿ ದೊಡ್ಡ ದಂಡಿಗೆ ಸಾಕಾಗುವಷ್ಟು ನೀರು ಸಿಗುವುದಿಲ್ಲ. ನೀರಿನ ಬರವೂ ಮರಾಠರ ನೆರವಿನ ಪಡೆಯೂ ಸೇರಿ ಮುತ್ತಿಗೆ ನಡುವೆ ಸಡಿಲಗೊಂಡಿತು. ಸೇನಾನಿಗಳ ಒಳಗಿನ ಪೈಪೋಟಿ ಇನ್ನೊಂದು ತೊಂದರೆಯಾಗಿತ್ತು. ಶ್ರೀರಂಗಪಟ್ಟಣದಿಂದ ಹೊರಟ ಪತ್ರಗಳು ಮದ್ದುಗುಂಡು, ರಸದಿ, ಮಾತುಕತೆಯ ಷರತ್ತುಗಳನ್ನು ವಿವರವಾಗಿ ನಿರ್ದೇಶಿಸುವುದರ ಜೊತೆಗೆ ಒಗ್ಗಟ್ಟಿನಿಂದ ನಡೆಯಬೇಕೆಂದು ಮತ್ತೆ ಮತ್ತೆ ತಾಕೀತು ಮಾಡುತ್ತವೆ. ದೊರೆ ಸೇನಾನಿಗಳಿಗೆ ಬರೆದ ಆಜ್ಞೆಗಳೂ ಅವೇ, ಮನೆಯ ಹಿರಿಯ ಬಂಧುಗಳ ಜಗಳ ಬಿಡಿಸಲು ಬರೆದ ಕಾಗದಗಳೂ ಅವೇ.

ಜುಲೈ ತಿಂಗಳ ಕೊನೆಯಲ್ಲಿ ಕೋಟೆ ಶರಣಾಯಿತು. ಕಿತ್ತೂರೂ ಮೈಸೂರಿನ ವಶವಾಯಿತು. ವೆಂಕಟರಾವ್ ಮತ್ತು ಕಾಳೋಪಂತರನ್ನು ಸಂಸಾರ ಸಹಿತ ಸೆರೆಯಾಳಾಗಿ ಒಯ್ಯಲಾಯಿತು. ಅವರು ಕಬ್ಬಾಳದುರ್ಗದ ಬಂದೀಖಾನೆ ಸೇರಿದರು. ವೆಂಕಟರಾವನ ಮನೆಯ ಹೆಣ್ಣುಮಗಳನ್ನು ಟಿಪ್ಪುವಿನ ಅಂತಃಪುರಕ್ಕೆ ಸೇರಿಸಲಾಯಿತೆಂದು ಇಂಗ್ಲಿಷ್ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ನಂತರದ ಇತಿಹಾಸಕಾರರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಶರಣಾಗುವವರಿಗೆ ಕೊಟ್ಟ ಮಾತು ಉಳಿಯಲಿಲ್ಲವೆಂಬ ಆಕ್ಷೇಪವಂತೂ ಪುಣೆಯ ದರ್ಬಾರನ್ನು ಕೆರಳಿಸಿ ಮುಂದಿನ ಯುದ್ಧಕ್ಕೆ ಕಾರಣವಾಯಿತು.

ಸವಣೂರು, 1786

1786ರ ಬೇಸಗೆಯಲ್ಲಿ ಮರಾಠರೂ ಹೈದರಾಬಾದಿನ ನಿಜಾಮನೂ ಒಂದಾಗಿ ಬಾದಾಮಿಯನ್ನು ಗೆದ್ದರು. ಟಿಪ್ಪು ಆದವಾನಿಯನ್ನು ಹಿಡಿದು, ಮಳೆಗಾಲದಲ್ಲಿ ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ದಾಟಿ, ಎದುರಾಳಿಗಳು ನಿರೀಕ್ಷಿಸದ ಹೊತ್ತಿನಲ್ಲಿ ಸವಣೂರಿನ ಕಡೆ ಬಂದನು. ಬಾಕಿ ಪೊಗದಿಯ ಒತ್ತಾಯದಿಂದ ಬೇಸತ್ತಿದ್ದ ನವಾಬ ಅಬ್ದುಲ್ ಹಕೀಂ ಖಾನ್ ಅಷ್ಟರಲ್ಲಿ ಮರಾಠರ ಪಕ್ಷ ವಹಿಸಿದ್ದನು.

ಸವಣೂರಿನ ಸಮೀಪದ ದೇವಗಿರಿಯಲ್ಲಿ ಮರಾಠಾ ಬಿಡಾರದ ಮೇಲೆ ರಾತ್ರಿ ದಾಳಿ ಮಾಡುವ ಮುನ್ನ ಟಿಪ್ಪು ಕಂಡ ಒಂದು ಕನಸು ಅವನ ಕೈಬರಹದಲ್ಲಿಯೇ ಉಳಿದಿದೆ. ಗಂಡುಡುಪಿನಲ್ಲಿ ಬಂದ ಸುಂದರ ಯುವಕನೊಬ್ಬ ಹೆಣ್ಣೆಂದು ತಿಳಿದುಬರುವ ಕನಸು ಅದು. ಎದುರಾಳಿಗಳು ತೋರಿಕೆಗೆ ಮಾತ್ರ ಗಂಡಸರೆಂದು ಅವನು ಅರ್ಥ ಹಚ್ಚಿಕೊಂಡನು. ಇಂಥ ಮೂವತ್ತೇಳು ಕನಸುಗಳನ್ನು ಅವನು ಪರ್ಷಿಯನ್ ಭಾಷೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟು, ಯಾರಿಗೂ ತೋರಿಸದೆ ಕಾಪಾಡಿಕೊಂಡಿದ್ದನು. ಪತ್ರಗಳಲ್ಲಿ ಸದಾ ಆಜ್ಞೆ ಮಾಡುವ ವ್ಯಕ್ತಿ ಇಲ್ಲಿ ಸಂಕೇತಗಳಿಗಾಗಿ ಹುಡುಕುತ್ತಾನೆ. ಈ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಅಕ್ಟೋಬರ್‌ನಲ್ಲಿ ಮರಾಠಾ ಪಡೆ ಹಿಂದೆ ಸರಿಯಿತು. ನವಾಬ ಅವರೊಂದಿಗೆ ಊರು ಬಿಟ್ಟನು. ಹಿಂದೆ ಉಳಿದವನು ಟಿಪ್ಪುವಿನ ತಂಗಿಯ ಗಂಡ ಅಬ್ದುಲ್ ಖೈರ್ ಖಾನ್. ಊರು ಟಿಪ್ಪುವಿನ ವಶವಾಯಿತು. ಭಾವಮೈದುನ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟನು. ತಂಗಿಯ ಪಾಡಿನ ಬಗ್ಗೆ ಚರಿತ್ರೆಗಳು ಏನನ್ನೂ ಹೇಳುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಬರುವ ಹೆಣ್ಣುಮಕ್ಕಳು ಮದುವೆ ಮುಗಿದೊಡನೆ ಈ ಬರಹಗಳಿಂದ ಮರೆಯಾಗುವುದು ಸಾಮಾನ್ಯ. 1787ರ ಗಜೇಂದ್ರಗಡ ಒಪ್ಪಂದದಲ್ಲಿ ನವಾಬನಿಗೆ ಅವನ ನಾಡು ಮರಳಿತು. ಬಾದಾಮಿ, ನರಗುಂದ ಮತ್ತು ಕಿತ್ತೂರುಗಳು ಮರಾಠರಿಗೆ ಹೋದವು.

ಕಾಯಿಲೆಗಳು ಮತ್ತು ವೈದ್ಯ

ಟಿಪ್ಪುವಿಗೆ ವೈದ್ಯದಲ್ಲಿ ಆಸಕ್ತಿಯಿತ್ತು. ದೂರದ ಠಾಣೆಯಲ್ಲಿದ್ದ ಅಧಿಕಾರಿ ಕಾಯಿಲೆ ಬಿದ್ದನೆಂದು ತಿಳಿದರೆ ಔಷಧ, ಪಥ್ಯಗಳನ್ನು ಸೂಚಿಸಿ ಪತ್ರ ಬರೆಸುತ್ತಿದ್ದನು. ಕೋಟೆ ಕಟ್ಟುವ ರೀತಿಯನ್ನು ಹೇಳುವಷ್ಟೇ ನಿಶ್ಚಯದಿಂದ ಕಷಾಯದ ವಿಷಯವನ್ನೂ ಹೇಳುವುದು ಅವನ ಸ್ವಭಾವ. ಅವನ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಸಂಪುಟಗಳಿದ್ದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಪ್ರಕಟಿಸಿದ ಅದರ ಸೂಚಿಯಲ್ಲಿ ವೈದ್ಯಗ್ರಂಥಗಳಿಗೂ ಪ್ರತ್ಯೇಕ ವಿಭಾಗವಿದೆ.

ಅವನ ಆಳ್ವಿಕೆಯ ಅತಿ ದೊಡ್ಡ ಕಾಯಿಲೆಯ ಕಥೆ ನಡೆದದ್ದು ಪರದೇಶದಲ್ಲಿ. 1786ರ ಮಾರ್ಚ್‌ನಲ್ಲಿ ಗುಲಾಂ ಅಲಿ ಖಾನನ ನೇತೃತ್ವದ ರಾಯಭಾರ ಉತ್ತರ ಕನ್ನಡದ ತದಡಿ ಬಂದರಿನಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟಿತು. ಗುಲಾಂ ಅಲಿಗೆ ನಡೆಯಲು ಆಗುತ್ತಿರಲಿಲ್ಲ. ಬೆಳ್ಳಿಯ ಕುರ್ಚಿಯಲ್ಲಿ ಅವನನ್ನು ಹೊತ್ತೊಯ್ಯುತ್ತಿದ್ದರು. ಪರಿವಾರ, ಸಿಪಾಯಿಗಳು, ಸೇವಕರು ಸೇರಿ ಸುಮಾರು ಒಂಬೈನೂರು ಜನ ಹೊರಟಿದ್ದರು. ಮಸ್ಕತ್, ಬಸ್ರಾ, ಬಾಗ್ದಾದ್ ಮಾರ್ಗವಾಗಿ ಸಾಗಿದ ಈ ತಂಡ ಅಪರಿಚಿತ ಚಳಿಗೂ ಪ್ಲೇಗಿಗೂ ತುತ್ತಾಯಿತು; ರಾಯಭಾರಿಗಳಲ್ಲಿಯೂ ಕೆಲವರು ತೀರಿಕೊಂಡರು. ಊರು ಕಂಡವರು ಹೊರಟವರಲ್ಲಿ ಅತಿ ಸ್ವಲ್ಪ ಭಾಗ. ಪ್ರಯಾಣದ ಮೊದಲ ಹಂತದ ದಿನಚರಿಯನ್ನು ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಪರ್ಷಿಯನ್ ಭಾಷೆಯಲ್ಲಿ ಬರೆದಿದ್ದಾನೆ. ನಡೆಯಲಾಗದ ಗುಲಾಂ ಅಲಿ ಮಾತ್ರ ಬದುಕಿ ಬಂದನು.

ಯುದ್ಧ ಮತ್ತು ಒತ್ತೆಯ ಮಕ್ಕಳು

ಮೂರನೆಯ ಆಂಗ್ಲೋ–ಮೈಸೂರು ಯುದ್ಧ ಟಿಪ್ಪುವಿನ ಮನೆಯನ್ನೇ ತಟ್ಟಿತು. 1790ರ ಸೆಪ್ಟೆಂಬರ್‌ನಲ್ಲಿ ಸತ್ಯಮಂಗಲದ ಕದನದಲ್ಲಿ ಬುರ್ಹಾನುದ್ದೀನ್ ಮಡಿದನು. ಅದೇ ತಿಂಗಳು ಧಾರವಾಡದ ಮುತ್ತಿಗೆ ಆರಂಭವಾಯಿತು. ಕೋಟೆಯನ್ನು ಬದ್ರುಜ್ಜಮಾನ್ ಖಾನ್ ಆರು ತಿಂಗಳಿಗೂ ಹೆಚ್ಚು ಕಾಲ ಹಿಡಿದಿಟ್ಟು, 1791ರ ವಸಂತದಲ್ಲಿ ಪರಶುರಾಮ ಭಾವೂ ಪಟವರ್ಧನನಿಗೆ ಒಪ್ಪಿಸಿದನು. ಮುತ್ತಿಗೆ ಹಾಕಿದ್ದ ಮುಂಬಯಿ ಪಡೆಯ ಕರ್ನಲ್ ಫ್ರೆಡರಿಕ್ ನಡುವೆಯೇ ಅಲ್ಲಿ ತೀರಿಕೊಂಡಿದ್ದನು.

1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಪಡೆ ಶ್ರೀರಂಗಪಟ್ಟಣದ ದ್ವೀಪಕ್ಕೆ ನುಗ್ಗಿತು. ಆ ದಿನಗಳಲ್ಲಿಯೇ ರುಖಯ್ಯಾ ಬಾನು ಮೃತಪಟ್ಟಳು. ಹದಿನೆಂಟು ವರ್ಷಗಳ ಹಿಂದೆ ಮನೆಯ ಹೆಂಗಸರು ಮೆಚ್ಚಿ ತಂದ ಸೊಸೆ ಅವಳು. ಶೋಕಕ್ಕೆ ಬಿಡುವಿರಲಿಲ್ಲ. ಒಪ್ಪಂದದ ಷರತ್ತಿನಂತೆ ಅದೇ ತಿಂಗಳ 26ರಂದು ಅಬ್ದುಲ್ ಖಾಲಿಖ್ ಮತ್ತು ಮುಯಿಜುದ್ದೀನ್ ಎಂಬ ಇಬ್ಬರು ಎಳೆಯ ಮಕ್ಕಳನ್ನು ಆನೆಗಳ ಮೇಲೆ ಕೂರಿಸಿ ಕಾರ್ನ್‌ವಾಲಿಸನ ಬಿಡಾರಕ್ಕೆ ಕಳುಹಿಸಲಾಯಿತು. ಅವರನ್ನು ಕರೆದೊಯ್ದು ಒಪ್ಪಿಸಿದ ವಕೀಲ, ಕಾನ್‌ಸ್ಟಾಂಟಿನೋಪಲ್ಲಿನಿಂದ ಬದುಕಿ ಬಂದಿದ್ದ ಗುಲಾಂ ಅಲಿ ಖಾನ್.

ಈ ಘಟನೆಯನ್ನು ರಾಬರ್ಟ್ ಹೋಮ್, ಮಾದರ್ ಬ್ರೌನ್ ಮೊದಲಾದ ಚಿತ್ರಕಾರರು ದೊಡ್ಡ ಚಿತ್ರಗಳನ್ನಾಗಿ ಮಾಡಿದರು. ಅವುಗಳ ಅಚ್ಚುಪ್ರತಿಗಳು ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯವಾದವು. ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಮಕ್ಕಳನ್ನು ವಾತ್ಸಲ್ಯದಿಂದ ಬರಮಾಡಿಕೊಳ್ಳುವ ಹಿರಿಯನಂತೆ ಕಾಣುತ್ತಾನೆ. ಮಕ್ಕಳನ್ನು ಹೆತ್ತವರಿಂದ ಅಗಲಿಸಿದವನೂ ಅವನೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಮಕ್ಕಳು ಕ್ಯಾಪ್ಟನ್ ಡವ್ಟನ್‌ನ ಉಸ್ತುವಾರಿಯಲ್ಲಿ ಮದ್ರಾಸಿನಲ್ಲಿದ್ದು, 1794ರ ಮಾರ್ಚ್‌ನಲ್ಲಿ ದೇವನಹಳ್ಳಿಯಲ್ಲಿ ತಂದೆಯನ್ನು ಮತ್ತೆ ಕಂಡರು.

ಕೊನೆಯ ವರ್ಷಗಳು

ಟಿಪ್ಪು 1795ರಲ್ಲಿ ಸೇನಾನಿ ಸಯ್ಯದ್ ಸಾಹೇಬನ ಮಗಳು ಖದೀಜಾ ಜಮಾನ್ ಬೇಗಮಳನ್ನು ಮದುವೆಯಾದನು. ಎರಡು ವರ್ಷಗಳಲ್ಲಿ ಆಕೆ ಹೆರಿಗೆಯಲ್ಲಿ ತೀರಿಕೊಂಡಳು. 1799ರ ಮೇ 4ರಂದು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಟಿಪ್ಪು ಹತನಾದನು. ಮರುದಿನ ಅವನನ್ನು ತಂದೆ ತಾಯಿಯರ ಸಮಾಧಿಯಿರುವ ಗುಂಬಜ್‌ನಲ್ಲಿ ಹೂಳಲಾಯಿತು.

ಸಂತತಿ

ಅರಮನೆಯ ಅಂತಃಪುರದಲ್ಲಿ ಹೈದರನ ಮತ್ತು ಟಿಪ್ಪುವಿನ ಕಾಲದ ಹೆಂಗಸರು, ಸೇವಕಿಯರು ಸೇರಿ ಸುಮಾರು ಆರುನೂರು ಮಂದಿ ಇದ್ದರೆಂದು ಇಂಗ್ಲಿಷ್ ಅಧಿಕಾರಿ ಥಾಮಸ್ ಮ್ಯಾರಿಯಟ್ ಲೆಕ್ಕ ಮಾಡಿದನು. ಗಂಡುಮಕ್ಕಳನ್ನು ಮೊದಲು, ಹೆಂಗಸರನ್ನು ಆಮೇಲೆ ವೆಲ್ಲೂರು ಕೋಟೆಗೆ ಸಾಗಿಸಲಾಯಿತು. 1806ರ ಜುಲೈನಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆ ಅಲ್ಲಿ ನಡೆದಿತ್ತು. ಅದರ ಬೆನ್ನಿಗೇ, ಜುಲೈ 10ರಂದು, ಸಿಪಾಯಿಗಳು ದಂಗೆ ಎದ್ದರು. ಅನುಮಾನ ರಾಜಕುಮಾರರ ಮೇಲೆ ಬಿದ್ದು, ಅವರನ್ನು ಕಲ್ಕತ್ತೆಗೆ ಸ್ಥಳಾಂತರಿಸಲಾಯಿತು.

ಕಿರಿಯ ಮಕ್ಕಳಲ್ಲಿ ಒಬ್ಬನಾದ ಗುಲಾಂ ಮುಹಮ್ಮದ್ ಕಲ್ಕತ್ತೆಯ ಧರ್ಮತಲಾದಲ್ಲಿ ತಂದೆಯ ಹೆಸರಿನ ಮಸೀದಿ ಕಟ್ಟಿಸಿದನು; 1850ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಕುಟುಂಬದ ಪಿಂಚಣಿಗಾಗಿ ಅಹವಾಲು ಸಲ್ಲಿಸಿದನು. ಹೈದರ್ ಮತ್ತು ಟಿಪ್ಪುವಿನ ಕುರಿತು ಫ್ರೆಂಚ್ ಸೇನಾನಿಯೊಬ್ಬ ಬರೆದಿದ್ದ ಚರಿತ್ರೆಯನ್ನು ಪರಿಷ್ಕರಿಸಿ 1855ರಲ್ಲಿ ಪ್ರಕಟಿಸಿದವನೂ ಅವನೇ. ಟಿಪ್ಪು ಸತ್ತು ನಲವತ್ತು ವರ್ಷಗಳ ಬಳಿಕವಷ್ಟೇ ಛಾಯಾಗ್ರಹಣ ಬಳಕೆಗೆ ಬಂದಿತು; ಹೀಗಾಗಿ ಅವನ ಮುಖವನ್ನು ತಿಳಿಯಲು ವರ್ಣಚಿತ್ರಗಳೇ ಗತಿ, ಅವೂ ಒಂದನ್ನೊಂದು ಹೋಲುವುದಿಲ್ಲ. ತಂದೆ ಸತ್ತಾಗ ಇನ್ನೂ ಮಗುವಾಗಿದ್ದ ಗುಲಾಂ ಮುಹಮ್ಮದ್ ಛಾಯಾಚಿತ್ರಗಳ ಕಾಲವನ್ನೂ ಕಂಡು 1872ರಲ್ಲಿ ಕಲ್ಕತ್ತೆಯಲ್ಲಿ ನಿಧನನಾದನು.